ಒಂದೇ ಕಂಡರೆ

ಹಲಗೆಯ ಮೇಲೆ ಪ್ರತಿ ವರ್ಷ ನಮ್ಮ ಮನೆಯನ್ನೇ ಬರೆಯುತ್ತೇನೆ.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ.
ದೋಷ ಕಾಣಿಸಿಕೊಂಡವರಿಗೆ ಕೆಂಪು ಸೀಮೆಸುಣ್ಣ,
ಒಳಗೇ ಹೊತ್ತು ನಡೆದವರಿಗೆ ಹಸಿರು.
ಹೆಸರು ಹೇಳುವುದಿಲ್ಲ. ಹೇಳಿದರೆ
ಬೈತಖೋಲದ ಹುಡುಗರಿಗೆ ಗೊತ್ತಾಗಿಬಿಡುತ್ತದೆ,
ಕೆಂಪು ತುಂಬಿದ ಆ ಒಂದು ಚೌಕ
ಠಾಕು ಹರಿಕಂತ್ರ, ನನ್ನ ಆಯಿಯ ಅಣ್ಣ.

ಬಂದರು ಕಚೇರಿಗೆ ತಾಂಡೇಲನ ಪರವಾನಗಿಗೆಂದು ಹೋದಾಗ
ಅವನ ಮುಂದೆ ಚುಕ್ಕೆಗಳ ಪುಸ್ತಕ ಹಿಡಿದರಂತೆ.
'ಇದರಲ್ಲಿ ಯಾವ ಅಂಕಿ?'
'ಅಂಕಿ ಎಲ್ಲಿದೆ ಸಾಯ್ಬರೆ, ಬರೀ ನೊರೆ.'
ಪುಟ ತಿರುವಿದರು. ನೊರೆ.
ಇನ್ನೊಂದು. ನೊರೆ.
ಹದಿನೆಂಟು ವರ್ಷ ರಾತ್ರಿ ದೋಣಿ ನಡೆಸಿದವನು
ಅಂದು ಮಟಮಟ ಮಧ್ಯಾಹ್ನ
ದಾರಿ ತಪ್ಪಿದವನ ಹಾಗೆ ಮನೆಗೆ ಬಂದ.

ಮೀನುಪೇಟೆಯಲ್ಲಿ ಎಲ್ಲರೂ ಕಿವಿರೆತ್ತಿ ಕೆಂಪು ನೋಡುತ್ತಾರೆ.
ಅವನು ಹೆಬ್ಬೆರಳಿಂದ ಬಂಗಡೆಯ ಹೊಟ್ಟೆ ಒತ್ತುತ್ತಿದ್ದ,
ಗುಳಿ ಮೇಲೆದ್ದರೆ ಬುಟ್ಟಿಗೆ.
ಎದುರು ದೋಣಿಯ ಕೆಂಪು ಹಸಿರು ದೀಪ
ಹೇಗೆ ತಿಳಿಯುತ್ತಿತ್ತು ಮಾಮ?
'ತಿಳಿಯುವುದೇನು ಬಂತು, ಒಂದು ಎಡಕ್ಕೆ, ಒಂದು ಬಲಕ್ಕೆ.'
ಒಂದೇ ಕಂಡರೆ?
ಬಲೆಯ ಗಂಟೊಂದನ್ನು ಹಲ್ಲಲ್ಲಿ ಕಚ್ಚಿ ಬಿಗಿದು ಹೇಳಿದ:
'ಒಂದೇ ಕಂಡರೆ ನಿಂತುಬಿಡುತ್ತಿದ್ದೆ.'

ಈಗ ಲೆಕ್ಕ.
ಅಜ್ಜಿ ಹೊತ್ತವಳು, ಅದರಲ್ಲಿ ಮಾತಿಲ್ಲ.
ಆಯಿ ಹೊತ್ತಿರುವ ಸಂಭವ ಅರ್ಧ.
ದೊಡ್ಡಣ್ಣ, ಗಾಳಿಮರದ ತುದಿಗೆ ಸಿಕ್ಕ ಕೆಂಪು ಪಟವನ್ನು
ಬೆರಳು ಮಾಡಿ ತೋರಿಸಿದ ಸಂಜೆ
ಆ ಅರ್ಧ ಮೂರರಲ್ಲೊಂದಾಯಿತು.
ಸಣ್ಣಣ್ಣನೂ ತೋರಿಸಿದ, ಐದರಲ್ಲೊಂದು.
ಅದರ ಅರ್ಧ ನನ್ನದು, ಹತ್ತರಲ್ಲೊಂದು.
'ಮೇಡಂ, ಮಗ ಪಟ ನೋಡಿದರೆ ತಾಯಿಯ ರಕ್ತ ಬದಲಾಗುತ್ತದೆಯೆ?'
ರಕ್ತ ಅಲ್ಲವೇ ಹುಡುಗಿ, ನಮ್ಮ ಅಜ್ಞಾನದ ಅಳತೆ.
ಈ ಉತ್ತರದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.
ಆಯಿಗೂ ಹೇಳಿದೆ. ಈಳಿಗೆಯ ಮುಂದೆ ಕೂತಿದ್ದಳು.
'ಮೂರರಲ್ಲೊಂದು, ಐದರಲ್ಲೊಂದು ನಾನು ಯಾವತ್ತೂ ಆಗಿರಲಿಲ್ಲ,
ಇಡಿಯಾಗೇ ಇದ್ದೆ' ಎಂದು
ಮೀನಿನ ತಲೆ ಬೇರೆ ಮಾಡಿದಳು.

ಇದೊಂದು ಹೇಳಬೇಕು.
ಪಿಎಚ್.ಡಿ. ಮುಗಿದಾಗ ಪ್ರಬಂಧ ತಂದು ಮಾಮನ ಕೈಗಿಟ್ಟೆ.
ಏಳು ವರ್ಷ, ಎರಡು ಸಾವಿರ ವಂಶವಾಹಿ, ನೂರನಲವತ್ತು ರೋಗಿಗಳು,
ಎಲ್ಲ ಸೇರಿ ಒಂದು ಪುಟದ ನಕ್ಷೆ:
ಹೆಚ್ಚಿದ್ದಲ್ಲಿ ಕೆಂಪು ಚೌಕ, ಕಡಿಮೆ ಇದ್ದಲ್ಲಿ ಹಸಿರು.
ಲುಂಗಿಗೆ ಕೈ ಒರೆಸಿಕೊಂಡು ಅವನು ತುಂಬ ಹೊತ್ತು ನೋಡಿದ,
ಪುಸ್ತಕ ಅಡ್ಡ ತಿರುಗಿಸಿಯೂ ನೋಡಿದ.
'ಚೆನ್ನಾಗಿದೆ. ಬಲೆಯ ಹಾಗಿದೆ.'
ಹೊಗಳಿಕೆಯೆಂದೇ ಹಿಗ್ಗಿದೆ.
ಧಾರವಾಡದ ಬಸ್ಸು ಬಿಣಗಾ ದಾಟುವಾಗ ಹೊಳೆಯಿತು,
ಅವನಿಗೆ ಕಂಡದ್ದು ಗೆರೆಗಳು ಮಾತ್ರ.
ಅಂದಿನಿಂದ ನನ್ನ ನಕ್ಷೆಗಳೆಲ್ಲ ನೀಲಿ, ಕಿತ್ತಳೆ.
ಹಲಗೆಯ ಸೀಮೆಸುಣ್ಣ ಮಾತ್ರ
ಯಾಕೋ ನೆನಪಾಗಲೇ ಇಲ್ಲ.

ಮಾಮ ಹೋಗಿ ನಾಲ್ಕು ವರ್ಷ.
ನಿನ್ನೆ ತರಗತಿ ಮುಗಿದ ಮೇಲೆ ಕೊನೆಯ ಬೆಂಚಿನ ಬೀರು ಅಂಬಿಗ
ಪಟ್ಟಿ ಹಿಡಿದು ಬಂದ, ಹಲಗೆಯತ್ತ ನೋಡುತ್ತ:
'ದೋಷ ಇದ್ದವರು ಯಾರು ಮೇಡಂ, ಹೊತ್ತವರು ಯಾರು?
ಎಲ್ಲ ಒಂದೇ ಬಣ್ಣದಲ್ಲಿ ಬರೆದಿದ್ದೀರಿ.'

ಒರೆಸಿದೆ. ಬರೀ ಬಿಳಿಯಲ್ಲಿ ಮತ್ತೆ ಬರೆದೆ,
ಒಂದಕ್ಕೆ ಅಡ್ಡಡ್ಡ ಗೆರೆ, ಒಂದಕ್ಕೆ ನಡುವೆ ಚುಕ್ಕೆ.
ಸುಣ್ಣ ಎರಡು ಸಲ ಮುರಿಯಿತು.
ಅವನು ಅಚ್ಚುಕಟ್ಟಾಗಿ ಬರೆದುಕೊಂಡು,
ಹೋಗುವ ಮುಂಚೆ ರಜೆಯ ಅರ್ಜಿ ಮೇಜಿನ ಮೇಲಿಟ್ಟ:
'ಸೋಮವಾರ ಮುಂಬಯಿಯಲ್ಲಿ ಹಡಗಿನ ಕೆಲಸಕ್ಕೆ ಮೆಡಿಕಲ್ ಇದೆ.
ಮನೆಯಲ್ಲಿ ಎಲ್ಲರೂ ತುಂಬ ಖುಷಿಯಾಗಿದ್ದಾರೆ.'

ಒಂದು ಪ್ರಶ್ನೆಯಿಂದ ಏನನ್ನೂ ಹೇಳಲಾಗದು,
ಹಿಂದಿನ ಬೆಂಚು, ಕಿಟಕಿಯ ಬಿಸಿಲು, ಹಳೆಯ ಹಲಗೆ,
ಇದನ್ನೆಲ್ಲ ಕಲಿಸುವವಳು ನಾನೇ.
ಪೆನ್ನಿನ ಮುಚ್ಚಳ ತೆಗೆದಿದ್ದೇನೆ.
ಅವನು ಬಾಗಿಲಲ್ಲಿ ಕಾಯುತ್ತಿದ್ದಾನೆ.
ಕತ್ತಲಲ್ಲಿ ಒಂದೇ ದೀಪ.
ನಿಂತಿದ್ದೇನೆ, ಮಾಮ.